ಎರಡನೇ ಜ್ವರ

ಮೇಲೂರು ದಾಟಿ, ಶಿಡ್ಲಘಟ್ಟಕ್ಕೆ ಮುಂಚೆ,
ಹಿಪ್ಪುನೇರಳೆ ತೋಟದ ನಡುವೆ
ತಗಡಿನ ಹಲಗೆ: ಚಾಕಿ ಸಾಕಣೆ ಕೇಂದ್ರ.
ಕೆಳಗೆ ನನ್ನ ಹೆಸರಿಲ್ಲ, ಮೊಬೈಲ್ ನಂಬರಿದೆ.

ಏಳು ವರ್ಷದಿಂದ ಆ ನಂಬರೇ ನಾನು.
ಬೆಳಗಿನ ಜಾವ ಮೂರಕ್ಕೆದ್ದು ಥರ್ಮಾಮೀಟರ್ ನೋಡುತ್ತೇನೆ.
ಇಪ್ಪತ್ತೆಂಟಿರಬೇಕು, ಇಪ್ಪತ್ತೆಂಟೇ ಇರುತ್ತದೆ.
ಮತ್ತೆ ನಾಲ್ಕಕ್ಕೆ ನೋಡುತ್ತೇನೆ.
ದಿಬ್ಬೂರಹಳ್ಳಿಯಿಂದೊಬ್ಬರು, ಜಂಗಮಕೋಟೆಯಿಂದೊಬ್ಬರು,
“ಮೇಡಂ, ಹುಳ ಯಾವತ್ತು ಕೊಡ್ತೀರ?”
ತಟ್ಟೆಯ ಪಕ್ಕ ಫೋನು, ದಿಂಬಿನಡಿ ಫೋನು,
ತಲೆಗೆ ನೀರು ಹುಯ್ದುಕೊಳ್ಳುವಾಗ
ಬಚ್ಚಲ ಕಿಟಕಿಯಲ್ಲಿ ಫೋನು.

ಗುರುವಾರ ಶಬೀನಾಗೆ ಬೈದೆ,
ಕೈ ತೊಳೆಯದೆ ತಟ್ಟೆ ಮುಟ್ಟಿದಳೆಂದು.
ತೊಳೆದಿದ್ದಳು.
ಬೆರಳ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.
ನೋಡಿಯೂ ಬೈದೆ.
ಮಧ್ಯಾಹ್ನ ಸ್ಕೂಟರಿಗೆ ಕೀಲಿ ಹಾಕಿ
ಅರ್ಧ ಗಂಟೆ ಕೂತೇ ಇದ್ದೆ,
ಎಲ್ಲಿಗೆ ಹೊರಟಿದ್ದೆನೆಂದು ಹೊಳೆಯದೆ.

ಅವತ್ತು ಸಂಜೆ ಎರಡನೇ ಜ್ವರ.
ಸೊಪ್ಪು ಮುಟ್ಟದೆ, ತಲೆಯೆತ್ತಿ ಕೂತಿದ್ದವು ಹುಳ,
ತಟ್ಟೆ ತಟ್ಟೆಯೂ ಮೌನ.
ಹೊಸಬರು ಕಂಡರೆ ಸತ್ತವೆನ್ನುತ್ತಾರೆ.
ಎಲ್ಲ ಬಲ್ಲ ನಾನು ಹೇಳಿದೆ:
“ಇನ್ನೊಂದು ಸಲ ಸೊಪ್ಪು ಹಾಕಿ. ಶನಿವಾರ ಕೊಡಲೇಬೇಕು.”

ಪಿಳ್ಳಮ್ಮ ಕೊಚ್ಚಿದ ಸೊಪ್ಪಿನ ಬುಟ್ಟಿಯನ್ನು
ನನ್ನ ಕೈಗೆಟುಕದಂತೆ ಸೊಂಟಕ್ಕೇರಿಸಿ
ಮೊದಲು ತೆಲುಗಿನಲ್ಲಿ ಬೈದಳು,
ಆಮೇಲೆ ನನಗೆ ನಾಟಲೆಂದು ಕನ್ನಡದಲ್ಲಿ:
“ಜ್ವರಕ್ಕೆ ಕೂತಿರೋದನ್ನ ತಿನ್ನು ಅಂತೀಯಲ್ಲಮ್ಮ.
ಹಳೇ ಚರ್ಮ ಬಿಚ್ಚೋಕೆ ಅದಕ್ಕೂ ಒಂದು ದಿನ ಬೇಕು.
ಸುಣ್ಣ ಉದುರ್ಸು, ಗಾಳಿ ಬಿಡು, ಸುಮ್ಕಿರು.
ಮುಂಚೆ ಎದ್ದಿರೋವು ಹಸ್ಕೊಂಡು ಕಾಯ್ತವೆ, ಸಾಯಲ್ಲ.
ಎಲ್ಲಾ ಎದ್ದ ಮೇಲೇನೇ ಸೊಪ್ಪು.”

ಈ ಮಾತನ್ನು ರೈತರಿಗೆ
ನೂರು ಸಲ ಹೇಳಿದವಳು ನಾನೇ.
ಸುಣ್ಣದ ಮೂಟೆಯ ಮೇಲೆ ಕುಸಿದೆ.
ಅಳು ಬರುತ್ತದೆಂದುಕೊಂಡೆ. ಆಕಳಿಕೆ ಬಂತು,
ಒಂದರ ಬೆನ್ನಿಗೆ ಇನ್ನೊಂದು,
ದವಡೆ ನೋಯುವಷ್ಟು.

ರಾತ್ರಿಯ ಥರ್ಮಾಮೀಟರ್ ಈಗ ಆವಲಪ್ಪನದು,
ಸಂಜೆಯ ದಾಖಲೆ ಪುಸ್ತಕ ಶಬೀನಾಳದು,
ಅದಕ್ಕೆ ಸಂಬಳವೂ ಬೇರೆ; ಮಾಲೀಕರು ಗೊಣಗಿದರು, ಕೊಟ್ಟರು.
ಅವಳ ಬಳಿ ತಪ್ಪಾಯಿತೆಂದೆ.
“ಬಿಡಿ ಮೇಡಂ” ಅಂದಳು.
ಅವಳಿನ್ನೂ ಬಿಟ್ಟಿಲ್ಲವೆಂದು ಮುಖದಲ್ಲೇ ಇತ್ತು.
ಇರಲಿ. ಆ ಚರ್ಮ ಕಳಚುವುದಕ್ಕೂ
ಅದರದೇ ಹೊತ್ತಿದೆ.

ಸೋಮವಾರ ಫೋನು ಕೇಂದ್ರದಲ್ಲೇ ಬಿಟ್ಟು ಮನೆಗೆ ಹೋದೆ.
ಕೈ ಸುಮ್ಮನಿರಲಿಲ್ಲ.
ಪಕ್ಕದ ಮನೆಯ ಗಂಗರತ್ನರ ಫೋನಿನಿಂದ
ಮೂರು ಸಲ ಕರೆ ಮಾಡಿದೆ, ಮೂರು ಸಲವೂ ಇಪ್ಪತ್ತೆಂಟು.
ನಾಲ್ಕನೇ ಸಲ ಪಿಳ್ಳಮ್ಮ ಎತ್ತಲಿಲ್ಲ.
ಅವರೆಕಾಳು ಸುಲಿಯುತ್ತ ಮೆಟ್ಟಿಲ ಮೇಲೆ ಕೂತೆ.
ಬೀದಿಯಲ್ಲಿ ಮಧ್ಯಾಹ್ನ ಅಂತ ಒಂದು ಇರುತ್ತದೆ,
ಮರೆತೇ ಹೋಗಿತ್ತು.

ಅಷ್ಟರಲ್ಲಿ ಅಲ್ಲಿ ದಿಬ್ಬೂರಹಳ್ಳಿಯವರ ಫೋನಂತೆ.
ಮೇಡಮ್ಮೋರೆಲ್ಲಿ?
ಜ್ವರಕ್ಕೆ ಕೂತವ್ರೆ, ಅಂದಳಂತೆ ಪಿಳ್ಳಮ್ಮ.
ಅಯ್ಯೋ, ಯಾವ ಆಸ್ಪತ್ರೆ?
ಆಸ್ಪತ್ರೆಯಲ್ಲ, ಹುಳದ ಜ್ವರ.
ಆ ಕಡೆ ಒಂದು ಗಳಿಗೆ ಸದ್ದಿಲ್ಲ.
ಆಮೇಲೆ, ಮೂವತ್ತು ವರ್ಷ ಗೂಡು ಬೆಳೆದವರ ದನಿ:
ಹಂಗಾದ್ರೆ ಎಬ್ಬಿಸ್ಬೇಡ.
ನಾಳೆ ಮಾಡ್ತೀನಿ.