ಹೆರೆಮಣೆ

ನಾನು ಬರೆದ ಪುಟ್ಟ ಪ್ರೋಗ್ರಾಮಿಗೆ ಹೆರೆಮಣೆ ಎಂದು ಹೆಸರಿಟ್ಟೆ.
ಪುಟದ ಮೇಲೆ ಕೂತು, ಚಿಪ್ಪು ಬಿಟ್ಟು,
ಬಿಳಿಯದನ್ನಷ್ಟೇ ಹೆರೆದು ತರುವುದು ಅದರ ಕೆಲಸ:
ತಾರೀಕು, ಓಟದ ನಂಬರು, ಕುದುರೆ, ಸವಾರ,
ಹೊತ್ತ ಭಾರ, ಗೆದ್ದ ಅಂತರ.
ಜಾಹೀರಾತು ಚಿಪ್ಪು. ಮಿನುಗುವ ಪಟ್ಟಿ ಚಿಪ್ಪು.
ಯಾರೋ ಪುಣ್ಯಾತ್ಮರು ಕಾಸು ಕೇಳದೆ ತೆರೆದಿಟ್ಟ
ಮಹಾಲಕ್ಷ್ಮಿಯ ಹಳೆಯ ಭಾನುವಾರಗಳು
ಒಂದೊಂದಾಗಿ ನನ್ನ ಬಟ್ಟಲಿಗೆ ಉದುರುತ್ತವೆ.

ರಾತ್ರಿ ಒಂದೂವರೆ. ಲೋವರ್ ಪರೇಲಿನ ಖೋಲಿಯಲ್ಲಿ
ಮಾಮಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.
ಕೊನೆಯ ಲೋಕಲ್ ಹೋಗಿ ಹಳಿ ತಣ್ಣಗಾಗಿದೆ.
ಪುಟಕ್ಕೂ ಪುಟಕ್ಕೂ ನಡುವೆ ಮೂರು ಸೆಕೆಂಡು ತಾಳು
ಎಂದು ನಾನೇ ಬರೆದಿದ್ದೇನೆ;
ಬಿಟ್ಟಿ ಉಣ್ಣುವವನು ಬಾಚಿ ಬಾಚಿ ಉಣ್ಣಬಾರದಲ್ಲ.
ಎಂಬತ್ತಮೂರರ ಜನವರಿ ಪೂರ್ತಿ ಸಿಗಲಿಲ್ಲ.
ಒಬ್ಬನೇ ಸವಾರ ಮೂರು ಕಾಗುಣಿತದಲ್ಲಿ ಓಡಿ
ಮೂರು ಜನವಾಗಿದ್ದಾನೆ. ಬೆಳಗಾದ ಮೇಲೆ ಒಂದು ಮಾಡಬೇಕು.

ಇಲ್ಲಿ ಅಳತೆಯೆಲ್ಲ ಮೈಯಿಂದ ಬಂದದ್ದು:
ಮೂಗು. ಗಿಡ್ಡ ತಲೆ. ತಲೆ. ಕತ್ತು.
ಆಮೇಲೆ ಅರ್ಧ ಕುದುರೆ, ಮುಕ್ಕಾಲು ಕುದುರೆ, ಇಡೀ ಕುದುರೆ,
ನಮ್ಮ ಗೇಣು, ಮೊಳ, ಮಾರು ಇದ್ದಂತೆ.
ಅಂತಯ್ಯ ಮಾಮ ಜಗತ್ತನ್ನೇ ಹಾಗೆ ಅಳೆಯುತ್ತಿದ್ದ.
"ಲೋಕಲ್ಲು ಕತ್ತಿನಳತೆಯಲ್ಲಿ ತಪ್ಪಿತು."
"ಈ ತಿಂಗಳ ಸಂಬಳ, ಬಾಡಿಗೆಗೆ ಒಂದು ಮೂಗು ಕಮ್ಮಿ."
ಗ್ರ್ಯಾಂಟ್ ರೋಡಿನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ
ದಿನಕ್ಕೆ ಎಂಬತ್ತು ಕಾಯಿ ಹೆರೆದವನು.
ಅಂಗೈಯಲ್ಲಿ ಎಣ್ಣೆಯ ವಾಸನೆ,
ಕಿಸೆಯಲ್ಲಿ ಹರಿದ ಟಿಕೇಟು.

ಅವನ ದೊಡ್ಡ ಸೋಲು ನಮಗೆಲ್ಲ ಬಾಯಿಪಾಠ.
ಎಂಬತ್ತೇಳರ ಫೆಬ್ರವರಿ, ಐದನೆಯ ಓಟ,
ಕುದುರೆ ಲೇಟ್ ಟೆಲಿಗ್ರಾಂ. ಎರಡು ತಿಂಗಳ ದುಡಿಮೆ.
"ಮೂಗು ಮಾರಾಯ, ಒಂದೇ ಒಂದು ಮೂಗು!"
ಎಂದು ತನ್ನದನ್ನೇ ಹಿಡಿದೆಳೆದು ತೋರಿಸುತ್ತಿದ್ದ.
ಮಕ್ಕಳು ನಾವು ಬಿದ್ದು ಬಿದ್ದು ನಗುತ್ತಿದ್ದೆವು.
ಮಾಮಿ ನಗುತ್ತಿರಲಿಲ್ಲ. ಆ ಮಾರ್ಚಿನಲ್ಲಿ ಅವಳ ಕರಿಮಣಿ
ಚಿನ್ನದ ಎಳೆಯಿಂದ ಅರಿಶಿನ ದಾರಕ್ಕೆ ಇಳಿದಿತ್ತು.

ಒಂದು ಐವತ್ತಕ್ಕೆ ಹೆರೆಮಣೆ ಆ ಸಾಲನ್ನು ತಂದಿತು.
ಐದನೆಯ ಓಟ. ಸಾವಿರದ ನಾನೂರು ಮೀಟರು. ಒಂಬತ್ತು ಕುದುರೆ.
ಲೇಟ್ ಟೆಲಿಗ್ರಾಂ: ಒಂದು.
ಒಂದು ಎಂದರೆ ಮೊದಲು.
ಅಂತರ, ಮೂಗು. ದರ, ಒಂದಕ್ಕೆ ಹದಿನಾಲ್ಕು.

ಪ್ರೋಗ್ರಾಮು ತಪ್ಪಿರಬೇಕೆಂದು ಕಾಲಂ ಎಣಿಸಿದೆ.
ಮತ್ತೆ ಓಡಿಸಿದೆ. ಮತ್ತೆ ಗೆದ್ದಿತು.
ಎಷ್ಟು ಸಲ ಓಡಿಸಿದರೂ
ಸುಸ್ತೇ ಇಲ್ಲದ ಕುದುರೆ ಗೆಲ್ಲುತ್ತಲೇ ಹೋಯಿತು.

ಬೆಳಿಗ್ಗೆ ಮಾಮಿಗೆ ಹೇಳಿದೆ. ಹೇಳಬಾರದಿತ್ತೇನೋ.
ಅವಳು ಹೆರೆಮಣೆಯ ಮೇಲೆ ಕೂತಿದ್ದಳು,
ಮರದ್ದು, ಕಬ್ಬಿಣದ ಹಲ್ಲಿನದು, ಮಾಮನದೇ.
ಕೈಯಲ್ಲಿ ಅರ್ಧ ಕಡಿ ನಿಂತಿತು.
ಒಂದು ಸೆಕೆಂಡು. ಎರಡು. ಮೂರು.
"ಒಂದೋ ಅವರು ಟಿಕೇಟೇ ತೆಗೆದಿರಲಿಲ್ಲ" ಅಂದಳು.
ಕಾಯಿ ಒಂದು ಸುತ್ತು ತಿರುಗಿತು.
"ಇಲ್ಲ, ಗ್ರೈಂಡರಿಗೆ ಬೆರಳು ಕೊಟ್ಟ ಆ ತನಿಯನಿಗೆ
ಬೈಕಲಾದಲ್ಲಿ ಬೀಡಿ ಅಂಗಡಿ ಎಲ್ಲಿಂದ ಬಂತು ಅಂತ
ನಾನು ಆಗಲೇ ಕೇಳಬೇಕಿತ್ತು."

ಬಿಳಿ ಮುಗಿದು ತುರಿಯಲ್ಲಿ ಕಂದು ಬರತೊಡಗಿತ್ತು.
ಇಷ್ಟು ವರ್ಷದಲ್ಲಿ ಅವಳ ಕೈ ಆ ತಪ್ಪು ಮಾಡಿದ್ದಿಲ್ಲ.
"ಸಾಕು ಮಾಮಿ" ಅಂದೆ.
"ಮಾರ್ಚಿನಲ್ಲಿ ಎಷ್ಟು ಸಲ ಹೋಗಿದ್ದರು, ನೋಡು ಅದರಲ್ಲಿ."
"ಅದರಲ್ಲಿ ನೋಡಲು ಬಂದವರು ಇರುವುದಿಲ್ಲ ಮಾಮಿ,
ಓಡಿದವು ಮಾತ್ರ."
ಚಿಪ್ಪನ್ನು ಬದಿಗಿಟ್ಟಳು. ಇನ್ನೊಂದು ಕಡಿ ಎತ್ತಿಕೊಂಡಳು.
"ಇರಲಿ," ಅಂದಳು,
"ಇವತ್ತು ರಾತ್ರಿಯೂ ಹೆರಿ."