ಸ್ಥಳೀಯ

ಹದಿನಾಲ್ಕು ಪಾವಟಿಗಿ ಇಳದರ ನೆಲಮಾಳಿಗಿ.
ಅಲ್ಲಿ ನನ್ನ ಕೆಲಸ: ಉರುಳಿಗೆ ಬಿಳಿ ಕಾಗದ ಸುತ್ತಿ
ಚಿಮಣಿ ಹೊಗಿಗೆ ಹಿಡದು ಕರ್ರಗ ಮಾಡೂದು.
ಆ ಮಸಿ ಮ್ಯಾಲ ಮುಳ್ಳು
ಇಪ್ಪತ್ನಾಕು ತಾಸು ಬಿಳಿ ಗೆರಿ ಗೀರತಿತ್ತು.
ಮನಿಗೆ ಹೋದರ ಜೈತೂನ್‌ಬಿ ಕೈ ನೋಡಿ ಕೇಳತಿದ್ಲು:
ಕಾಲೇಜಿಗೆ ಹೋಗತೀರೋ, ಕಮ್ಮಾರಸಾಲಿಗೋ?

ಫಾದರ್ ಕಾಯ್ತಾನ್ ವಾಜ್ ಸಂಜಿ ಆರಕ್ಕ ಬರತಿದ್ರು.
ಎಡಗಾಲು ಗಿಡ್ಡ, ಕೈಯಾಗ ಜಾಲಿ ಬಡಿಗಿ,
ಕನ್ನಡಕ್ಕ ಕೊಂಕಣಿ ವಾಸನಿ.
ಕಾಗದ ಹೆಂಗ ಓದತಿದ್ರಂದ್ರ,
ನನಗ ಗೊಬ್ಬರ ಎದ್ದಾಗ ನಮ್ಮಪ್ಪ ಮೈ ನೋಡಿದಂಗ,
ಒಂದೊಂದ ಗುಳ್ಳಿ.
"ಇದು ಕ್ವಾರಿ. ಇದು ಸೊಲ್ಲಾಪುರ ಗಾಡಿ.
ಇದು ಮನಗೂಳಿ ಕಡೆ ನೆಲ ಗುಡುಗಿದ್ದು.
ಈಗ ಹೇಳು ದಸ್ತಗೀರ,
ಇವತ್ತ ನೀ ಎಲ್ಲಿ ನಡುಗಿದಿ?"

ಅವರ ಸಂಘದ ಪದ್ಧತಿ ಅಂತ ಅದು,
ಮಲಗೂ ಮುಂದ ದಿನಾನ ಹೊಳ್ಳಿ ಓದೂದು.
ನಮಾಜಿಗೆ ಹೊತ್ತಾತಂತ ನಾ ಜಾರತಿದ್ದೆ.
"ಹೋಗು, ಅಲ್ಲೂ ಅದನ್ನ ಕೇಳತಾನ" ಅಂತಿದ್ರು.

ವಿಜಾಪುರದ ಗುಮ್ಮಟ ಹೇಳಿದ್ದನ್ನ ಏಳು ಸಲ ಹೇಳತೈತಿ.
ಮುಳ್ಳು ಒಂದ ಸಲ.

ಗಣಪತಿ ಕಳಿಸಿ ಊರು ಮಲಗಿದ ರಾತ್ರಿ
ಕಿಲ್ಲಾರಿ ಆತು.
ಮುಂಜಾನೆ ನೋಡಿದರ ಮುಳ್ಳು ಕಾಗದ ಬಿಟ್ಟು ಹಾರಿ
ಬಗ್ಗಿ ನಿಂತಿತ್ತು; ಮುಂದ ಬರೇ ಕರಿ.
ಫಾದರ್ ಆ ಕಾಗದ ಓದಲಿಲ್ಲ.
ಹಾಸ್ಟೆಲಿನ ಕಂಬಳಿ ಎಲ್ಲಾ ಜೀಪಿಗೆ ಹೇರಿಸಿದ್ರು,
ಮುಂದ ತಾವು ಕುಂತ್ರು, ಹಿಂದ ನಾನು.
ಎಂಟು ದಿನ ಅಲ್ಲಿ ಕಲ್ಲು ಎತ್ತಿದ್ವಿ.
ಎಲ್ಲಿ ನಡುಗಿದಿ ಅಂತ
ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಕಾಲೇಜು ವಿಶ್ವವಿದ್ಯಾಲಯ ಆಗೈತಿ.
ಗೇಟಿಗೆ ಇಳಕಲ್ಲಿನ ಕೆಂಪು ಗ್ರಾನೈಟ್, ಬಂಗಾರದ ಅಕ್ಷರ.
ಕುಲಪತಿ ಫಾದರ್ ಇನ್ನೂ ಹರೇದವರು, ಛಲೋ ಮನಸ್ಯಾ;
ಉರುಳಿ ಗಾಜಿನ ಪೆಟಗಿಯೊಳಗ ಇಡಿಸ್ಯಾರ,
ಕೆಳಗ ನನ್ನ ಹೆಸರೂ ಬರಸ್ಯಾರ, ಕಾಗುಣಿತ ತಪ್ಪಿ.

ಅಲ್ಲಿ ಬರೀದ ಮಾತು ಒಂದೈತಿ.
ದಿನಾ ಸಂಜಿ ಆರಕ್ಕ ಗೆರಿ ಮ್ಯಾಲ ಹದಿನಾಲ್ಕು ಸಣ್ಣ ಹಲ್ಲು,
ಒಂದು ಉದ್ದ, ಒಂದು ಗಿಡ್ಡ.
ಇದಕ್ಕ ಏನ ಬರೀಲಿ ಅಂತ ಮೊದಲ ದಿನ ಕೇಳಿದ್ದೆ.
ನಕ್ಕು, ತಮ್ಮ ಕಾಲು ನೋಡಕೊಂಡು,
"ಕಾರಣ: ಸ್ಥಳೀಯ" ಅಂದಿದ್ರು.

ಅವರನ್ನ ಮಣ್ಣಿಗಿಟ್ಟ ಮರುದಿನ
ಆರಕ್ಕ ಗೆರಿ ನೆಟ್ಟಗ ಹೋತು.
ಆರೂ ಐದಕ್ಕೂ ನೆಟ್ಟಗ.
ನಾ ಮ್ಯಾಲ ಹತ್ತಿದೆ. ಬಡಿಗಿ ಇನ್ನೂ ಬಾಗಿಲ ಹಿಂದಿತ್ತು.
ಎಡಗಾಲು ಎಳಕೋತ, ಎಣಸಕೋತ ಇಳದು
ರಿಜಿಸ್ಟರ ತಗದೆ, ಹೊತ್ತು ಹಾಕಿದೆ,
ಕಾರಣ ಬರದೆ.