ತವರದ ಲೆಕ್ಕ

ದೌಂಡದ ಕಾರ್ಖಾನೆಯಿಂದ ಬಂದದ್ದು ಆರು ಚೀಲ,
ಹಿಂಡಿ ಒಗೆದ ಕಬ್ಬಿನ ಸಿಪ್ಪೆ.
ಅದರೊಳಗೆ ಯಾರದೋ ಬೀಡಿಕಟ್ಟಿನ ದಾರ, ಒಂದು ಬಳೆಚೂರು.
ಬಳೆಚೂರನ್ನು ಕಿಟಕಿಯ ಮೇಲಿಟ್ಟೆ. ಉಳಿದದ್ದನ್ನು
ತೊಳೆದು, ಒಣಗಿಸಿ, ಹಿಟ್ಟು ಮಾಡಿ
ಹನ್ನೆರಡು ಗ್ರಾಂ ತೂಗಿದೆ.

ಪಾಷಾಣವೆಂದರೆ ನಮ್ಮ ಕಡೆ ವಿಷ,
ಪುಣೆಯಲ್ಲಿ ಬಸ್ಸು ನಿಲ್ಲುವ ಜಾಗ.
ಇಳಿದು, ಹುಣಸೆಮರ ದಾಟಿ, ಎರಡನೇ ಮಹಡಿ:
ಉಕ್ಕಿನ ಗಡಿಗೆ, ಮುಚ್ಚಳಕ್ಕೆ ಎಂಟು ಬೋಲ್ಟು,
ನೂರ ತೊಂಬತ್ತು ಡಿಗ್ರಿ.
ಒಳಗೆ ನೀರು, ಸಿಪ್ಪೆಯ ಹಿಟ್ಟು, ಮತ್ತೆ
ಒಂದು ಚಮಚೆ ಬಿಳಿ ಪುಡಿ.
ಆ ಪುಡಿಯ ತುಂಬ ಕಣ್ಣಿಗೆ ಕಾಣದ ಗೂಡು,
ಅಲ್ಲೊಂದು ಇಲ್ಲೊಂದು ಗೂಡಿನಲ್ಲಿ ಕೂತ ತವರ.

ಸಿಪ್ಪೆ ಬಿಚ್ಚಿ ಸಕ್ಕರೆ ಒಳಗೆ ಹೋಗುತ್ತದೆ,
ಆರು ಕಾರ್ಬನ್ನಿನ ಸರ.
ತವರ ಅದನ್ನು ನಡುವಿಗೆ ಹಿಡಿದು
ಮೂರು ಮೂರಾಗಿ ಮುರಿಯುತ್ತದೆ, ಮುರಿದದ್ದನ್ನು
ಹೊರಳಿಸಿ ಹುಳಿ ಮಾಡುತ್ತದೆ.
ಮೊಸರಿನ ಹುಳಿಯೇ ಅದು. ಹಾಲಿಲ್ಲ, ಹೆಪ್ಪಿಲ್ಲ,
ರಾತ್ರಿಯಿಡೀ ಮುಚ್ಚಿಟ್ಟು ಕಾಯುವುದಿಲ್ಲ.
ಒಂದೇ ಕೊರತೆ. ಹೆಪ್ಪಿನ ಜೀವಕ್ಕೆ ಎಡಗೈ ಬಲಗೈ ಗೊತ್ತು,
ತವರಕ್ಕೆ ಎರಡೂ ಒಂದೇ,
ಅರ್ಧಕ್ಕರ್ಧ ಬೆರೆಸಿಬಿಡುತ್ತದೆ.

ಗಡಿಗೆ ತಣ್ಣಗಾದ ಮೇಲೆ ನಿಜವಾದ ಕೆಲಸ.
ಹೊರಬರುವುದು ಕಾಕಂಬಿಯಂಥ ಕಂದು ನೀರು,
ಸೀದ ಬೆಲ್ಲದ ವಾಸನೆ. ನಮಗೆ ಬೇಕಾದ ಹುಳಿ
ಬೇರೆ ನಾಲ್ಕು ಹುಳಿಗಳ ಹಿಂದೆ ಮುಖ ಮರೆಸಿಕೊಂಡಿರುತ್ತದೆ.
ಸೋಸಬೇಕು. ಮೆಥನಾಲಿಗೆ ಗಂಟು ಹಾಕಿ
ಆವಿಯಾಗಿ ಏರಿಸಿ, ಆಚೆ ಇಳಿಸಿ,
ನೀರು ಕೊಟ್ಟು ಗಂಟು ಬಿಚ್ಚಬೇಕು.
ಬಿಳಿ ಪುಡಿಯನ್ನೂ ಬಿಡದೆ ತೊಳೆದು,
ಮಸಿ ಹೋಗುವಷ್ಟು ಸುಟ್ಟು, ಮತ್ತೆ ಬಳಸಬೇಕು.

ಮೊದಲ ಸಲ ನೂರಕ್ಕೆ ಐವತ್ತೆಂಟು.
ಆಮೇಲೆ ಐವತ್ತೇಳು.
ಐವತ್ತೊಂದು.
ಐದನೆಯ ಸಲಕ್ಕೆ ಮೂವತ್ತೊಂಬತ್ತು.
ಕರಂದೀಕರ್ ಬಾಯಿ ಕೆಂಪು ಶಾಯಿಯಲ್ಲಿ
ಬರೇ ಒಂದು ಪ್ರಶ್ನಾರ್ಥಕ ಹಾಕಿ ಹೋದರು.
ವೇಗವರ್ಧಕವೆಂದರೆ ಕ್ರಿಯೆ ನಡೆಸಿ
ತಾನು ಮಾತ್ರ ಹಾಗೇ ಉಳಿಯುವಂಥದ್ದು:
ಬಾಯಿಪಾಠ ಮಾಡಿದ್ದೆ, ಎರಡು ಅಂಕ ಸಿಕ್ಕಿತ್ತು.

ಭಾನುವಾರ ಕಸಬಾ ಪೇಟೆ, ತಾಂಬಟ್ ಆಳಿ.
ಮೊಸರಿಡುವ ಹಿತ್ತಾಳೆ ಗಂಗಾಳ ಒಳಗೆಲ್ಲ ಹಸಿರುಗಟ್ಟಿತ್ತು.
ಇಂಡಿ ಕಡೆಯ ಬಂದೇನವಾಜ ತಿದಿ ಒತ್ತಿ,
ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ
ಅರಳೆಯಿಂದ ಒಂದೇ ಸುತ್ತು ಒರೆಸಿದ. ಹೊಗೆಯೊಳಗೆ ಬೆಳ್ಳಗಾಯಿತು.
‘ಎರಡು ವರ್ಷಕ್ಕೇ ಹೋತಲ್ಲ ಹಿಂದಿನ ಕಲಾಯಿ?’ ಅಂದೆ.
‘ಹುಳಿ ಸುಮ್ನ ಕೂಡ್ತೈತೇನ್ರಿ? ನೆಕ್ಕತೈತಿ.’
‘ಹಂಗಾರ ತವರ ಎಲ್ಲಿ ಹೋತು?’
‘ಎಲ್ಲಿ ಹೋಗ್ತೈತಿ? ನಿಮ್ಮ ಮೊಸರಿನ್ಯಾಗ.’
ಮುನ್ನೂರು ರೂಪಾಯಿ ಎಣಿಸಿಕೊಂಡ.

ಸೋಮವಾರ ಪುಡಿಯನ್ನು ಬಿಟ್ಟು
ಹುಳಿಯನ್ನೇ ಪರೀಕ್ಷೆಗೆ ಕೊಟ್ಟೆ.
ಸಂಜೆ ಚೀಟಿ ಬಂತು:
ಹತ್ತು ಲಕ್ಷಕ್ಕೆ ಹದಿನೇಳು ಭಾಗ.
ಗೂಡು ಗಟ್ಟಿಯಾಗೇ ಇದೆ, ಒಳಗಿದ್ದದ್ದು
ತಾನು ಮಾಡಿದ ಹುಳಿಯ ಜೊತೆ
ಸದ್ದಿಲ್ಲದೆ ಹೊರಟು ಹೋಗಿದೆ.

ಬಾಯಿಗೆ ಓದಲು ಮರಾಠಿಯಲ್ಲಿ ಕಥೀಲ ಎಂದು ಬರೆದು
ನನ್ನ ಕಚ್ಚಾ ವಹಿಯಲ್ಲಿ ಕನ್ನಡದಲ್ಲಿ ಬರೆಯುವಾಗ
ಕೈ ತಪ್ಪಿ ಒಂದು ಕೊಂಬು ಸೇರಿತು:
ತವರು, ಹದಿನೇಳು ಭಾಗ, ನಷ್ಟ.

ಹೊಡೆದು ಹಾಕಲಿಲ್ಲ.
ಗಡಿಗೆ ತೊಳೆದು, ಹೊಸ ಹಿಟ್ಟು ತೂಗಿ
ಆರನೆಯ ಸಲಕ್ಕೆ ಬೋಲ್ಟು ಬಿಗಿದೆ.